ಗಚ್ಚಿಯ ಬೀಗ ತೆಗೆದುಕೊಡಿ

ಮುಂಬಯಿಯ ಕನ್ನಡ ಸಂಘಗಳ ಪದಾಧಿಕಾರಿಗಳಿಗೆ, ಹೋಟೆಲ್ ಮಾಲೀಕರಿಗೆ, ಸೊಸೈಟಿಗಳ ಕಾರ್ಯದರ್ಶಿಗಳಿಗೆ, ಊರಿಂದ ಕೆಲಸಗಾರರನ್ನು ಕರೆತರುವ ಮೇಸ್ತ್ರಿಗಳಿಗೆ,

ನಮಸ್ಕಾರ.

ಕಳೆದ ವರ್ಷದ ಜುಲೈ ತಿಂಗಳು. ಬೆಳಗ್ಗೆ ಹನ್ನೊಂದರ ಹೊತ್ತು. ನಮ್ಮ ಕಟ್ಟಡಕ್ಕೆ ಪಾಲಿಕೆಯ ಕೀಟನಾಶಕ ವಿಭಾಗದ ಇಬ್ಬರು ಬಂದರು. ಹೆಗಲಿಗೆ ಚೀಲ, ಕೈಯಲ್ಲಿ ಟಾರ್ಚು, ನೀರು ಮೊಗೆದು ನೋಡುವ ಉದ್ದ ಹಿಡಿಯ ಸೌಟು. ಗಚ್ಚಿಯ ಮೇಲಿನ ನೀರಿನ ಟಾಂಕಿ ನೋಡಬೇಕು ಅಂದರು. ಗಚ್ಚಿಗೆ ಬೀಗ. ಕೀಲಿ ಕಾರ್ಯದರ್ಶಿಗಳ ಹತ್ತಿರ. ಅವರು ಆಫೀಸಿಗೆ ಹೋಗಿದ್ದಾರೆ. ವಾಚ್‌ಮನ್ ‘ನಾಳೆ ಬನ್ನಿ’ ಅಂದ. ಅವರು ಮತ್ತೆ ಬಂದರು. ಆಗಲೂ ಬೀಗ. ಮೂರನೇ ಸಲ ಬಂದಾಗ ಜೋರು ಮಳೆ. ಕೆಳಗೆ ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ ಅರ್ಧ ತಾಸು ಕಾದು ಹೋದರು.

ಇದನ್ನೆಲ್ಲ ನಾನು ನನ್ನ ಅಡುಗೆಮನೆಯ ಕಿಟಕಿಯಿಂದ ನೋಡಿದ್ದೇನೆ. ಕೆಳಗಿಳಿದು, ಕಾರ್ಯದರ್ಶಿಗಳ ಮನೆಯವರನ್ನು ಕೇಳಿ ಕೀಲಿ ತಂದುಕೊಡಬಹುದಿತ್ತು. ಕೊಡಲಿಲ್ಲ. ಒಲೆಯ ಮೇಲೆ ಸಾರು ಇತ್ತು, ಅಷ್ಟೇ ಕಾರಣ.

ಆಗಸ್ಟಿನಲ್ಲಿ ಮೊದಲ ಮಹಡಿಯ ಹನ್ನೊಂದು ವರ್ಷದ ಹುಡುಗನಿಗೆ ಚಳಿಜ್ವರ ಬಂತು. ಫಾಲ್ಸಿಪಾರಂ ಅನ್ನುವ, ಜೀವಕ್ಕೇ ಅಪಾಯ ತರಬಲ್ಲ ಬಗೆಯ ಮಲೇರಿಯಾ. ಎಂಟು ದಿನ ಆಸ್ಪತ್ರೆ, ಅದರಲ್ಲಿ ಮೂರು ದಿನ ಐಸಿಯು. ಬದುಕಿಕೊಂಡ. ಅದಾದ ಮೇಲೆ ಗಚ್ಚಿಯ ಬೀಗ ತೆಗೆದರು. ಟಾಂಕಿಯ ಮುಚ್ಚಳ ಒಡೆದು ಯಾವ ಕಾಲವಾಗಿತ್ತೋ. ಹಳೆಯ ಫ್ಲೆಕ್ಸ್ ಬ್ಯಾನರಿನ ತುಂಡು ಹೊದಿಸಿ ಮೇಲೆ ಇಟ್ಟಿಗೆ ಇಟ್ಟಿದ್ದರು. ಸೌಟು ಮುಳುಗಿಸಿ ಎತ್ತಿದರೆ ಅದರ ತುಂಬ ಸೊಳ್ಳೆಮರಿ.

ಆ ಟಾಂಕಿಯ ಸೊಳ್ಳೆಯೇ ಹುಡುಗನಿಗೆ ಕಚ್ಚಿತು ಅಂತ ಯಾರೂ ಆಣೆ ಮಾಡಿ ಹೇಳಲಾರರು. ನಾನೂ ಹೇಳುವುದಿಲ್ಲ. ಆದರೆ ಆ ಸೌಟು ನೋಡಿದ ದಿನದಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಅದಕ್ಕೇ ಈ ಪತ್ರ.

ನಾನು ಯಾರು ಅಂತ ಹೇಳಬೇಕಲ್ವಾ. ಹಳಿಯಾಳ ಕಡೆಯವಳು. ಮದುವೆಯಾಗಿ ಮುಂಬಯಿಗೆ ಬಂದವಳು. ಮೂವತ್ತೊಂದು ವರ್ಷ ಒಂದು ಸಣ್ಣ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿದ್ದೇನೆ. ಬೆರಳು ಚುಚ್ಚಿ, ಗಾಜಿನ ಮೇಲೆ ಒಂದು ದಪ್ಪ ಲೇಪ, ಒಂದು ತೆಳು ಲೇಪ, ಬಣ್ಣ ಹಾಕಿ, ಎಣ್ಣೆಯ ಹನಿ ಬಿಟ್ಟು, ಮೈಕ್ರೋಸ್ಕೋಪಿನಲ್ಲಿ ಕಡಿಮೆ ಎಂದರೂ ನೂರು ಫೀಲ್ಡ್ ನೋಡುವುದು. ಒಂದು ಸಲಕ್ಕೆ ಕಣ್ಣಿಗೆ ಕಾಣುವಷ್ಟು ಜಾಗ ಅಂದರೆ ಒಂದು ಫೀಲ್ಡ್. ನೂರು ನೋಡದೆ ‘ಇಲ್ಲ’ ಅಂತ ಬರೆಯಬಾರದು ಅಂತ ನನಗೆ ಕಲಿಸಿದವರು ಹೇಳಿದ್ದರು. ವೈವಾಕ್ಸ್ ಅನ್ನುವ ಬಗೆಯ ಮಲೇರಿಯಾ ಆದರೆ ರಕ್ತಕಣ ಉಬ್ಬಿರುತ್ತದೆ. ಫಾಲ್ಸಿಪಾರಂ ಆದರೆ ಸಣ್ಣ ಸಣ್ಣ ಉಂಗುರ, ಕೆಲವೊಮ್ಮೆ ಬಾಳೆಹಣ್ಣಿನ ಹಾಗೆ ಬಾಗಿದ ಆಕಾರ. ಪ್ರತಿ ವರ್ಷ ಜೂನ್ ಕೊನೆಗೆ ಒಂದೆರಡು ಸ್ಲೈಡ್, ಜುಲೈಗೆ ದಿನಕ್ಕೆ ನಾಲ್ಕೈದು, ಆಗಸ್ಟಿಗೆ ಕುತ್ತಿಗೆ ಎತ್ತಲು ಬಿಡುವಿಲ್ಲ. 2010ರ ಮಳೆಗಾಲ ನಾನು ಮರೆಯುವುದಿಲ್ಲ. ಆ ವರ್ಷ ಮುಂಬಯಿಯಲ್ಲಿ 70 ಸಾವಿರಕ್ಕೂ ಜಾಸ್ತಿ ಮಲೇರಿಯಾ ಪ್ರಕರಣ ದಾಖಲಾದವು, ನೂರಕ್ಕೂ ಹೆಚ್ಚು ಜನ ಸತ್ತರು.

ಇಷ್ಟು ವರ್ಷ ಜನ ನನ್ನ ಮುಂದೆ ಬೆರಳು ಚಾಚಿ ಕೂತು ಹೇಳಿದ್ದು ಒಂದೇ ಮಾತು: ‘ನಮ್ಮ ಮನೆ ಹಿಂದೆ ದೊಡ್ಡ ಗಟಾರ ಇದೆ, ಅದರಿಂದಲೇ ಇದು.’

ಅಲ್ಲ. ಈ ಒಂದು ತಪ್ಪು ತಿಳಿವಳಿಕೆ ಹೋದರೆ ಅರ್ಧ ಕೆಲಸ ಆದ ಹಾಗೆ. ಗಟಾರದ ಕೊಳೆನೀರಿನಲ್ಲಿ ಹುಟ್ಟುವುದು ಕ್ಯೂಲೆಕ್ಸ್ ಸೊಳ್ಳೆ. ಅದು ಆನೆಕಾಲು ರೋಗ ತರಬಲ್ಲದು, ರಾತ್ರಿಯಿಡೀ ಕಿವಿಯ ಹತ್ತಿರ ಹಾಡಿ ನಿದ್ದೆ ಕೆಡಿಸುತ್ತದೆ. ಆದರೆ ಮಲೇರಿಯಾ, ಡೆಂಗಿ ಅದರಿಂದ ಬರುವುದಿಲ್ಲ. ಮುಂಬಯಿಯಲ್ಲಿ ಮಲೇರಿಯಾ ಹರಡುವುದು ಅನಾಫಿಲಿಸ್ ಸ್ಟೆಫೆನ್ಸಿ ಅನ್ನುವ ಸೊಳ್ಳೆ. ಅದಕ್ಕೆ ಬೇಕಾದದ್ದು ತಿಳಿನೀರು. ನಾವು ಕುಡಿಯಲು, ಸ್ನಾನಕ್ಕೆ ಅಂತ ತುಂಬಿಸಿಡುವ ನೀರು. ಗಚ್ಚಿಯ ಟಾಂಕಿ, ನೆಲದಡಿಯ ಟಾಂಕಿ, ಬಾವಿ, ಕಟ್ಟುತ್ತಿರುವ ಕಟ್ಟಡದಲ್ಲಿ ಕಾಂಕ್ರೀಟ್ ಕ್ಯೂರಿಂಗ್‌ಗೆ, ಅಂದರೆ ಅದು ಗಟ್ಟಿಯಾಗಲಿ ಅಂತ ನಿಲ್ಲಿಸಿದ ನೀರು, ಲಿಫ್ಟಿನ ಗುಂಡಿ. ನೀರು ಸ್ವಚ್ಛ ಇದೆ ಅಂತ ನಾವು ನಿಶ್ಚಿಂತೆಯಿಂದ ಇರುತ್ತೇವೆ. ಸೊಳ್ಳೆಗೂ ಅದೇ ಬೇಕು.

ಇದು ಹೊಸ ವಿಷಯವೂ ಅಲ್ಲ. ನೂರು ವರ್ಷದ ಹಿಂದೆಯೇ ಡಾ. ಚಾರ್ಲ್ಸ್ ಬೆಂಟ್ಲಿ ಅನ್ನುವ ಅಧಿಕಾರಿ ಈ ಊರಿನ ಮಲೇರಿಯಾವನ್ನು ಹುಡುಕುತ್ತಾ ಹೋಗಿ, ಅದರ ಬೇರು ಮನೆಗಳ ಬಾವಿಗಳಲ್ಲಿದೆ ಅಂತ ತೋರಿಸಿದ್ದರು. ಅವರ ವರದಿ ಬಂದದ್ದು 1911ರಲ್ಲಿ. ಬಾವಿ ಮುಚ್ಚಿ ಅಂದರೆ ಜನ ಸುಲಭವಾಗಿ ಒಪ್ಪಲಿಲ್ಲ. ಪೂಜೆಗೆ ಬಾವಿ ನೀರೇ ಬೇಕು ಅಂದರು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆ ಕಾಲದ ಬಾವಿಗಳಲ್ಲಿ ಬಹಳಷ್ಟು ಹೋದವು. ಸೊಳ್ಳೆ ಹೋಗಲಿಲ್ಲ, ಬಾವಿಯಿಂದ ಗಚ್ಚಿಗೆ ಹತ್ತಿತು. ಅದೇ ಸೊಳ್ಳೆ 2012ರಲ್ಲಿ ಸಮುದ್ರದಾಚೆ ಆಫ್ರಿಕಾದ ಜಿಬೂತಿಯಲ್ಲೂ ಕಾಣಿಸಿಕೊಂಡಿತು. ಈಗ ಅಲ್ಲಿಯ ನಗರಗಳೂ ನಮ್ಮ ಹಾಗೆ ಟಾಂಕಿಗಳನ್ನು ಬಗ್ಗಿ ನೋಡಬೇಕಾಗಿದೆ.

ಕಾರ್ಯದರ್ಶಿಗಳೇ, ನಿಮಗೆ ಸೊಸೈಟಿಯ ಕೆಲಸಕ್ಕೆ ಸಂಬಳ ಇಲ್ಲ, ಬೈಗುಳ ಮಾತ್ರ ಸಿಗುತ್ತದೆ ಅನ್ನುವುದು ನನಗೆ ಗೊತ್ತು. ಆದರೂ ಕೇಳುತ್ತೇನೆ. ಗಚ್ಚಿಯ ಕೀಲಿ ಹಗಲು ಹೊತ್ತು ಕಟ್ಟಡದಲ್ಲೇ ಇರಲಿ. ಟಾಂಕಿಗೆ ಹತ್ತಲು ಗಟ್ಟಿ ಏಣಿ ಇರಲಿ. ಮಳೆಯಲ್ಲಿ ಜಾರುವ ಪೈಪು ಹಿಡಿದು ಹತ್ತಿ ಅಂತ ಇನ್ನೊಬ್ಬರ ಮಗನಿಗೆ ಹೇಳುವುದು ಸರಿಯಲ್ಲ. ಮುಚ್ಚಳ ಬಿಗಿಯಾಗಿ ಕೂರಬೇಕು. ನೀರು ಹೊರಹೋಗುವ ಪೈಪಿನ ಬಾಯಿಗೆ, ಗಾಳಿ ಪೈಪಿನ ಬಾಯಿಗೆ ಸಣ್ಣ ಜಾಲರಿ ಕಟ್ಟಬೇಕು. ಮುಚ್ಚಳ ಹಾಕಿ ಪೈಪಿನ ಬಾಯಿ ಬಿಟ್ಟರೆ ಸೊಳ್ಳೆ ಅಲ್ಲಿಂದ ಹೋಗುತ್ತದೆ. ಮುಚ್ಚಳ, ಜಾಲರಿ, ಕೂಲಿ ಎಲ್ಲ ಸೇರಿಸಿದರೂ ಗಣಪತಿಯ ಮಂಟಪಕ್ಕೆ ಹಾಕುವ ದೀಪದ ಖರ್ಚಿಗಿಂತ ಕಡಿಮೆ ಆಗುತ್ತದೆ.

ಇನ್ನು ಹೊಗೆಯ ವಿಷಯ. ಹೊಗೆ ಬಿಡುವವರು ಬಂದರೆ ಸೊಸೈಟಿಯವರಿಗೆ ಸಮಾಧಾನ. ಕಣ್ಣಿಗೆ ಕಾಣುತ್ತದೆ, ಮೂಗಿಗೆ ವಾಸನೆ ಬರುತ್ತದೆ. ನನ್ನ ಅಕ್ಕಪಕ್ಕದವರು ಟಾಂಕಿ ನೋಡಲು ಬಂದವರನ್ನು ಕಳಿಸಿಬಿಟ್ಟು, ಹೊಗೆ ಯಾವಾಗ ಬಿಡುತ್ತೀರಿ ಅಂತ ಫೋನ್ ಮಾಡುತ್ತಾರೆ. ಆ ಹೊಗೆಗೆ ಸಾಯುವುದು ಆ ಹೊತ್ತಿಗೆ ಹಾರಾಡುತ್ತಿರುವ ಸೊಳ್ಳೆ ಮಾತ್ರ. ನೀರಿನಲ್ಲಿರುವ ಮರಿಗೆ ಏನೂ ಆಗುವುದಿಲ್ಲ. ಅದು ಮರುದಿನ ರೆಕ್ಕೆ ಬಿಚ್ಚಿಕೊಂಡು ಏಳುತ್ತದೆ. ರೋಗ ಎದ್ದಿರುವ ಓಣಿಯಲ್ಲಿ ಹೊಗೆಗೆ ಅದರದ್ದೇ ಉಪಯೋಗ ಇದೆ. ಆದರೆ ಟಾಂಕಿಗೆ ಮುಚ್ಚಳ ಹಾಕುವ ಬದಲು ಹೊಗೆ ಕೇಳಬೇಡಿ.

ಹೋಟೆಲ್ ನಡೆಸುವ ಅಣ್ಣಂದಿರೇ, ನಿಮ್ಮ ಅಡುಗೆಮನೆ ಎಷ್ಟು ಶುಚಿ ಅನ್ನುವುದು ಮುಂಬಯಿಗೇ ಗೊತ್ತು. ನಾನು ಹೇಳುವುದು ಹಿಂಬಾಗಿಲಿನ ಆಚೆಯ ಜಾಗ. ಗ್ರೈಂಡರ್ ಬಂದ ಮೇಲೆ ಹೊರಗೆ ಇಟ್ಟ ಹಳೆಯ ರುಬ್ಬುವ ಕಲ್ಲು. ಅದರ ಗುಂಡಿಯಲ್ಲಿ ಒಂದು ಲೋಟ ಮಳೆನೀರು ನಿಂತರೆ ಡೆಂಗಿ ಸೊಳ್ಳೆಗೆ ಬೇಕಾದಷ್ಟಾಯಿತು. ಚಟ್ನಿಗೆ ತುರಿದು ಎಸೆದ ತೆಂಗಿನ ಚಿಪ್ಪು, ಎಣ್ಣೆಯ ಖಾಲಿ ಡಬ್ಬ, ಮಳೆಗೆ ಕಟ್ಟಿದ ತಾಡಪಾಲಿನ ಮಡಿಕೆ, ಫ್ರಿಜ್ಜಿನ ಹಿಂದಿನ ಟ್ರೇ, ಗಲ್ಲಾದ ಪಕ್ಕ ಬಾಟಲಿಯಲ್ಲಿಟ್ಟ ಮನಿಪ್ಲಾಂಟ್. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲು ಕಚ್ಚುತ್ತದೆ. ಹೆಚ್ಚು ದೂರ ಹಾರುವುದೂ ಇಲ್ಲ. ಅಂದರೆ ನಿಮ್ಮ ಹುಡುಗರಿಗೆ ಕಚ್ಚಿದ್ದು ಬಹುಶಃ ನಿಮ್ಮ ಆವರಣದಲ್ಲೇ ಹುಟ್ಟಿದ್ದು. ಅದರ ಮೊಟ್ಟೆ ಒಣಗಿದ ಪಾತ್ರೆಯ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ನೀರು ಬಿದ್ದ ಕೂಡಲೆ ಒಡೆಯುತ್ತದೆ. ಅದಕ್ಕೇ ಸುಮ್ನೆ ನೀರು ಚೆಲ್ಲಿದರೆ ಸಾಲದು, ಒಳಗೋಡೆಯನ್ನು ತಿಕ್ಕಿ ತೊಳೆಯಬೇಕು. ಮೊಟ್ಟೆಯಿಂದ ಸೊಳ್ಳೆಯಾಗಲು ನಮ್ಮ ಸೆಕೆಗೆ ಎಂಟು-ಹತ್ತು ದಿನ ಸಾಕು. ವಾರಕ್ಕೊಂದು ದಿನ ಎಲ್ಲ ಪಾತ್ರೆ ಬರಿದು ಮಾಡಿ ಒಣಗಿಸಿದರೆ ಅದು ಸೊಳ್ಳೆಯಾಗುವ ಮೊದಲೇ ಮುಗಿಯುತ್ತದೆ. ನಿಮ್ಮ ವಾರದ ರಜೆ ಯಾವ ದಿನವೋ, ಆ ದಿನವೇ ಇದು ಆಗಲಿ.

ಇನ್ನೊಂದು ಮಾತು. ಹೋಟೆಲಿನ ಅಟ್ಟದ ಮೇಲೆ ಮಲಗುವ ಹುಡುಗರಿಗೆ ಜ್ವರ ಬಂದರೆ ‘ಊರಿಗೆ ಹೋಗಿ ಅಮ್ಮನ ಹತ್ತಿರ ನಾಲ್ಕು ದಿನ ಇದ್ದು ಬಾ’ ಅಂತ ಟಿಕೆಟ್ ತೆಗೆಸಿಕೊಡುವ ರೂಢಿ ನಿಮ್ಮಲ್ಲಿದೆ. ಪ್ರೀತಿಯಿಂದಲೇ ಮಾಡುತ್ತೀರಿ. ಆದರೆ ಪರೀಕ್ಷೆ ಮಾಡಿಸದೆ ಕಳಿಸಬೇಡಿ. ಅವನ ರಕ್ತದಲ್ಲಿರುವ ಪರಾವಲಂಬಿ ಅದೇ ರೈಲಿನಲ್ಲಿ ಕುಂದಾಪುರಕ್ಕೆ, ಉಡುಪಿಗೆ ಇಳಿಯುತ್ತದೆ. ಅಲ್ಲಿಯ ಸೊಳ್ಳೆ ಅವನಿಗೆ ಕಚ್ಚುತ್ತದೆ. ಆಮೇಲೆ ಅವನ ತಂಗಿಗೆ ಕಚ್ಚುತ್ತದೆ. ಮಂಗಳೂರಿನಲ್ಲಿ ಕಟ್ಟಡ ಕೆಲಸ ಏರಿದ 1990ರ ನಂತರ ಮಲೇರಿಯಾ ಹೇಗೆ ಬೇರು ಬಿಟ್ಟಿತು ಅಂತ ಆ ಕಡೆಯವರಿಗೆ ಹೇಳಬೇಕಾಗಿಲ್ಲ. ಪಾಲಿಕೆಯ ದವಾಖಾನೆಗಳಲ್ಲಿ ಮಲೇರಿಯಾ ಪರೀಕ್ಷೆ, ಮಾತ್ರೆ ಎರಡಕ್ಕೂ ದುಡ್ಡಿಲ್ಲ. ಸಂಜೆಯೂ ತೆರೆದಿರುವ ‘ಆಪ್ಲಾ ದವಾಖಾನಾ’ಗಳಿವೆ. ಹುಡುಗನನ್ನು ಒಂದು ತಾಸು ಬಿಟ್ಟುಕೊಟ್ಟರೆ ಸಾಕು.

ಈಗ ಮೇಸ್ತ್ರಿಗಳಿಗೆ. ನನ್ನ ಮನಸ್ಸಿನಲ್ಲಿ ಜಾಸ್ತಿ ಇರುವುದು ನಿಮ್ಮ ಜೊತೆ ಬರುವ ಮಕ್ಕಳೇ.

ಯಾದಗಿರಿ ಕಡೆಯ ಒಬ್ಬ ಹುಡುಗ ನನ್ನ ಲ್ಯಾಬಿಗೆ ಒಂದೇ ವರ್ಷದಲ್ಲಿ ಮೂರು ಸಲ ಬಂದ. ಜುಲೈನಲ್ಲಿ, ಸೆಪ್ಟೆಂಬರಿನಲ್ಲಿ, ಮತ್ತೆ ಡಿಸೆಂಬರಿನಲ್ಲಿ. ಮೂರು ಸಲವೂ ವೈವಾಕ್ಸ್. ಡಿಸೆಂಬರಿನಲ್ಲಿ ಅವನ ತೋಳು ನನ್ನ ಮುಷ್ಟಿಗೆ ಸಿಗುವಷ್ಟು ಸಣ್ಣಗಾಗಿತ್ತು. ಹದಿನಾಲ್ಕು ದಿನದ ಮಾತ್ರೆ ತಿಂದೆಯಾ ಅಂತ ಕೇಳಿದೆ. ‘ಜ್ವರ ಹ್ವಾದ ಮ್ಯಾಲ ಗುಳಿಗಿ ಯಾಕ್ರಿ ಯಕ್ಕಾ?’ ಅಂದ. ಅವನದೇನೂ ತಪ್ಪಿಲ್ಲ. ಅವನ ಭಾಷೆಯಲ್ಲಿ ಅವನಿಗೆ ಯಾರೂ ಹೇಳಿರಲಿಲ್ಲ. ಮಾತ್ರೆಯ ಪೊಟ್ಟಣದ ಮೇಲೆ ಇಂಗ್ಲಿಷು, ಕೊಟ್ಟವರು ಹೇಳಿದ್ದು ಮರಾಠಿಯಲ್ಲಿ.

ಅವನಿಗೆ ನಾನು ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ವೈವಾಕ್ಸ್ ಎರಡು ಕಡೆ ಇರುತ್ತದೆ, ರಕ್ತದಲ್ಲಿ ಮತ್ತು ಪಿತ್ತಜನಕಾಂಗದಲ್ಲಿ, ಅಂದರೆ ಲಿವರಿನಲ್ಲಿ. ಮೊದಲ ಮೂರು ದಿನದ ಕ್ಲೋರೋಕ್ವಿನ್ ರಕ್ತದಲ್ಲಿರುವುದನ್ನು ಕೊಲ್ಲುತ್ತದೆ. ಜ್ವರ ಬಿಡುತ್ತದೆ. ಲಿವರಿನಲ್ಲಿ ಅಡಗಿ ಮಲಗಿರುವುದು ಹಾಗೇ ಇರುತ್ತದೆ. ಅದನ್ನು ಕೊಲ್ಲುವುದು ಹದಿನಾಲ್ಕು ದಿನದ ಪ್ರೈಮಾಕ್ವಿನ್. ಅರ್ಧಕ್ಕೆ ಬಿಟ್ಟರೆ ಅದು ವಾರಗಳೋ ತಿಂಗಳುಗಳೋ ಬಿಟ್ಟು ಏಳುತ್ತದೆ, ಹೊಸ ಸೊಳ್ಳೆ ಕಚ್ಚಬೇಕಂತಲೂ ಇಲ್ಲ. ಪ್ರೈಮಾಕ್ವಿನ್ ಗರ್ಭಿಣಿಯರಿಗೆ, ಹಸುಗೂಸುಗಳಿಗೆ ಕೊಡುವುದಿಲ್ಲ. ರಕ್ತಕಣವನ್ನು ಕಾಪಾಡುವ ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇರುವವರಿಗೆ ಅದರಿಂದ ರಕ್ತಕಣ ಒಡೆಯಬಹುದು. ಮೂತ್ರ ಕಪ್ಪಾದರೆ ಮಾತ್ರೆ ನಿಲ್ಲಿಸಿ ಕೂಡಲೆ ಡಾಕ್ಟರ ಹತ್ತಿರ ಹೋಗಬೇಕು. ಅದಕ್ಕೇ ಡಾಕ್ಟರನ್ನು ಕೇಳದೆ ಅಂಗಡಿಯಿಂದ ತಂದು ನುಂಗಬಾರದು. ಡಾಕ್ಟರು ಬರೆದುಕೊಟ್ಟ ಮೇಲೆ ಹದಿನಾಲ್ಕು ದಿನವೂ ನುಂಗಬೇಕು.

ದಿನಾ ಬೆಳಗ್ಗೆ ಹಾಜರಿ ಹಾಕುತ್ತೀರಲ್ಲ, ಅದೇ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಗುಳಿಗೆಯ ದಿನ ಎಣಿಸಿ. ಎದುರಿಗೇ, ತಿಂಡಿ ತಿಂದ ಮೇಲೆ, ನುಂಗಿಸಿ. ಈ ಕೆಲಸ ನೀವು ಮಾಡಿದಷ್ಟು ಚೆನ್ನಾಗಿ ಯಾವ ಡಾಕ್ಟರೂ ಮಾಡಲಾರರು. ನಿಮ್ಮ ಮಾತು ಅವರು ಕೇಳುತ್ತಾರೆ.

ಹೊರಗಿನಿಂದ ಬಂದ ಕೂಲಿಯವರೇ ಮಲೇರಿಯಾ ತರುತ್ತಾರೆ ಅಂತ ನಮ್ಮ ಸೊಸೈಟಿಗಳಲ್ಲಿ ಮಾತಾಡುವುದನ್ನು ಕೇಳಿದಾಗ ನನಗೆ ಸಂಕಟವಾಗುತ್ತದೆ. ಆ ಹುಡುಗ ಊರಲ್ಲಿದ್ದಾಗ ಅವನಿಗೆ ಯಾವತ್ತೂ ಚಳಿಜ್ವರ ಬಂದಿರಲಿಲ್ಲ. ಕ್ಯೂರಿಂಗ್ ನೀರಿನ ಪಕ್ಕ, ಬಾಗಿಲಿಲ್ಲದ ತಗಡಿನ ಶೆಡ್ಡಿನಲ್ಲಿ, ಸೊಳ್ಳೆಪರದೆ ಇಲ್ಲದೆ ಅವನನ್ನು ಮಲಗಿಸಿದವರು ಯಾರು? ಬಿಲ್ಡರು ಕೊಡಬೇಕಾದ ಪರದೆ, ವಾರಕ್ಕೊಮ್ಮೆ ಲಿಫ್ಟ್ ಗುಂಡಿಯ ನೀರು ಎಳೆಯುವ ಪಂಪು, ಇದನ್ನು ನೀವು ಕೆಲಸ ಒಪ್ಪಿಕೊಳ್ಳುವಾಗಲೇ ಕೇಳಿ ಬರೆಸಿಕೊಳ್ಳಿ. ನಂತರ ಕೇಳಿದರೆ ಯಾರೂ ಕೊಡುವುದಿಲ್ಲ.

ನಮ್ಮ ಅಜ್ಜಿ ಚಳಿಜ್ವರದ ಕಥೆ ಹೇಳುತ್ತಿದ್ದಳು. ಹಳಿಯಾಳ, ಸೂಪಾ, ಯಲ್ಲಾಪುರದ ಕಾಡಿನ ಹಳ್ಳಿಗಳಲ್ಲಿ ಮಕ್ಕಳಿಗೆ ಜ್ವರಗಡ್ಡೆ, ಅಂದರೆ ಊದಿದ ಗುಲ್ಮ, ಬೆಳೆದು ಹೊಟ್ಟೆ ಮುಂದೆ ಬಂದಿರುತ್ತಿತ್ತು. ಘಟ್ಟದ ಆ ಭಾಗಕ್ಕೆ ಹೆಣ್ಣು ಕೊಡಲು ಜನ ಹಿಂದೆಮುಂದೆ ನೋಡುತ್ತಿದ್ದರು. ಆಗ ಉತ್ತರ ಕನ್ನಡವೂ ಧಾರವಾಡವೂ ಮುಂಬಯಿ ಪ್ರಾಂತ್ಯದಲ್ಲಿದ್ದವು. 1945-46ರ ಹೊತ್ತಿಗೆ ಡಾ. ಡಿ. ಕೆ. ವಿಶ್ವನಾಥನ್ ಅವರ ಮುಂದಾಳತ್ವದಲ್ಲಿ ಈ ಎರಡು ಜಿಲ್ಲೆಗಳ ಮನೆಗೋಡೆಗಳಿಗೆ ಡಿಡಿಟಿ ಅನ್ನುವ ಕೀಟನಾಶಕ ಹೊಡೆಯುವ ಕೆಲಸ ಶುರುವಾಯಿತು. ದೇಶದಲ್ಲಿ ಇದು ಮೊದಮೊದಲು ನಡೆದ ಜಾಗಗಳಲ್ಲಿ ನಮ್ಮೂರೂ ಒಂದು. ‘ಮಲೇರಿಯಾದವರು ಬಂದರು’ ಅಂದ ಕೂಡಲೆ ಅಜ್ಜಿ ದೇವರಕೋಣೆ ಬಿಟ್ಟು ಉಳಿದೆಲ್ಲ ಕೋಣೆಯ ಪಾತ್ರೆಪಗಡೆ ಅಂಗಳಕ್ಕೆ ಹೊರುತ್ತಿದ್ದಳಂತೆ. ಎರಡನೇ ವರ್ಷ ದೇವರಕೋಣೆಯ ಬಾಗಿಲನ್ನೂ ತೆಗೆದಳಂತೆ. ಮೊದಲ ವರ್ಷದ ಮಳೆಗಾಲದಲ್ಲಿ ಮನೆಯಲ್ಲಿ ಯಾರಿಗೂ ನಡುಕ ಬಂದಿರಲಿಲ್ಲ, ಅದನ್ನು ನೋಡಿ ತೆಗೆದದ್ದು.

ದೇಶದ ಲೆಕ್ಕವೂ ಹಾಗೇ ಇಳಿಯಿತು. ಸ್ವಾತಂತ್ರ್ಯದ ಹೊತ್ತಿಗೆ ವರ್ಷಕ್ಕೆ ಏಳೂವರೆ ಕೋಟಿ ಜನರಿಗೆ ಮಲೇರಿಯಾ, ಎಂಟು ಲಕ್ಷ ಸಾವು ಅಂತ ಅಂದಾಜಿತ್ತು. 1953ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. 1965ಕ್ಕೆ ಸುಮಾರು ಒಂದು ಲಕ್ಷ ಪ್ರಕರಣಕ್ಕೆ ಬಂತು. ಆಮೇಲೆ ಕೈ ಸಡಿಲಾಯಿತು. ಸೊಳ್ಳೆ ಡಿಡಿಟಿಗೆ ಒಗ್ಗಿಕೊಂಡಿತು, ದುಡ್ಡು, ಮದ್ದು, ಮುತುವರ್ಜಿ ಎಲ್ಲ ಕಡಿಮೆಯಾಯಿತು, ಊರುಗಳು ಬೆಳೆದವು. 1976ರಲ್ಲಿ 64 ಲಕ್ಷಕ್ಕೂ ಜಾಸ್ತಿ. ಜ್ವರ ಬಿಟ್ಟಿತು ಅಂತ ಇಡೀ ದೇಶವೇ ಗುಳಿಗೆ ನಿಲ್ಲಿಸಿದ ಹಾಗಾಯಿತು ಅದು. ಈಗ 2030ರೊಳಗೆ ಮಲೇರಿಯಾ ಇಲ್ಲವಾಗಿಸುತ್ತೇವೆ ಅಂತ ದೇಶ ಗುರಿ ಇಟ್ಟುಕೊಂಡಿದೆ. ಈ ಸಲ ಸೊಳ್ಳೆ ಇರುವುದು ಗುಡಿಸಲಿನ ಗೋಡೆಯ ಮೇಲಲ್ಲ, ನಮ್ಮ ಗಚ್ಚಿಯಲ್ಲಿ. ಅಜ್ಜಿ ದೇವರಕೋಣೆ ತೆರೆದಳು. ನಮ್ಮಿಂದ ಗಚ್ಚಿಯ ಬೀಗ ತೆಗೆಯಲು ಆಗುವುದಿಲ್ಲವೇ?

ಸಂಘಗಳವರಿಗೆ ನನ್ನ ಕೋರಿಕೆ ಚಿಕ್ಕದು. ಯಕ್ಷಗಾನ, ನಾಟಕ, ರಾಜ್ಯೋತ್ಸವ ಎಲ್ಲ ಎಷ್ಟು ಚೆನ್ನಾಗಿ ಮಾಡುತ್ತೀರಿ. ಮೇ ತಿಂಗಳಲ್ಲಿ, ಮಳೆ ಬರುವ ಮೊದಲು, ಒಂದು ಪುಟದ ಕನ್ನಡ ಕರಪತ್ರ ಅಚ್ಚು ಹಾಕಿಸಿ. ದೊಡ್ಡ ಅಕ್ಷರದಲ್ಲಿ, ಕಲಬುರಗಿ-ಯಾದಗಿರಿಯವರು ಆಡುವ ಮಾತಿನಲ್ಲಿ. ಓದಲು ಬಾರದವರಿಗೆ ಅದನ್ನೇ ಓದಿ ರೆಕಾರ್ಡ್ ಮಾಡಿ ವಾಟ್ಸ್ಆ್ಯಪಿನಲ್ಲಿ ಕಳಿಸಿ. ಏನು ಬರೆಯಬೇಕು ಅಂತ ಕೇಳಿದರೆ, ಹದಿನಾಲ್ಕು ದಿನದ ಮಾತು ಮೊದಲು ಬರಲಿ. ಜ್ವರ ಬಂದರೆ ಮಾತ್ರೆ ನುಂಗುವ ಮೊದಲೇ ರಕ್ತ ಕೊಡಬೇಕು ಅನ್ನುವುದು ಎರಡನೆಯದು. ಒಂದು ಸಲ ‘ಇಲ್ಲ’ ಅಂತ ಬಂದರೂ ಜ್ವರ ಬಿಡದಿದ್ದರೆ ಮತ್ತೆ ಕೊಡಬೇಕು. ನೂರು ಫೀಲ್ಡ್ ನೋಡಿದ ನನ್ನ ಕಣ್ಣಿಗೂ ಮೊದಲ ದಿನ ಸಿಗದೆ ಎರಡನೇ ದಿನ ಸಿಕ್ಕಿದ್ದಿದೆ.

ಡೆಂಗಿಯ ಬಗ್ಗೆಯೂ ನಾಲ್ಕು ಸಾಲು ಇರಲಿ. ಮೊದಲ ಐದು ದಿನದೊಳಗೆ ಎನ್‌ಎಸ್1 ಅನ್ನುವ ರಕ್ತ ಪರೀಕ್ಷೆ, ಆಮೇಲಾದರೆ ಐಜಿಎಂ ಅನ್ನುವ ಪರೀಕ್ಷೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಮೈಕೈ ನೋವು ಅಂತ ಆಸ್ಪಿರಿನ್, ಐಬುಪ್ರೊಫೆನ್, ನೋವಿನ ಇಂಜೆಕ್ಷನ್ ಬೇಡ, ರಕ್ತಸ್ರಾವದ ಭಯ ಇದೆ. ಮನೆಯವರು ಪ್ಲೇಟ್‌ಲೆಟ್ ಎಷ್ಟು ಅಂತ ಮಾತ್ರ ಕೇಳುತ್ತಾರೆ, ಪಪ್ಪಾಯಿ ಎಲೆಯ ರಸ ಹಿಂಡುತ್ತಾರೆ. ನೋಡಬೇಕಾದದ್ದು ಜ್ವರ ಇಳಿದ ಮೇಲಿನ ಒಂದೆರಡು ದಿನ. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ತಣ್ಣಗಾದ ಕೈಕಾಲು ಕಂಡರೆ ಆ ಕ್ಷಣವೇ ಆಸ್ಪತ್ರೆ. ಮಳೆನೀರಿನಲ್ಲಿ ಮೊಣಕಾಲುದ್ದ ನಡೆದು ಬಂದವರು, ಅದರಲ್ಲೂ ಕಾಲಲ್ಲಿ ಗಾಯ ಇದ್ದವರು, ಡಾಕ್ಟರಿಗೆ ಅದನ್ನು ತಾವಾಗಿಯೇ ಹೇಳಬೇಕು. ಇಲಿಯ ಮೂತ್ರ ಬೆರೆತ ನೀರಿನಿಂದ ಬರುವ ಇಲಿಜ್ವರಕ್ಕೆ ಮೂರು ದಿನದೊಳಗೆ ಕೊಡುವ ತಡೆಮಾತ್ರೆ ಇದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತಲ್ಲ, ಅದರ ನಂತರದ ವಾರಗಳಲ್ಲಿ ಇಲಿಜ್ವರ ಏನು ಮಾಡಿತು ಅನ್ನುವುದು ಆಗ ಇಲ್ಲಿದ್ದವರಿಗೆ ನೆನಪಿದೆ.

ಕರಪತ್ರ ಬರೆದುಕೊಡಲು ನಾನು ತಯಾರಿದ್ದೇನೆ. ಭಾನುವಾರಗಳಂದು ಕೆಲಸದ ಸೈಟಿಗೆ ಬಂದು ಕನ್ನಡದಲ್ಲಿ ಮಾತಾಡಲೂ ತಯಾರಿದ್ದೇನೆ. ಮೊಣಕಾಲು ನೋಯುತ್ತದೆ, ಏಣಿ ಹತ್ತಲಾರೆ. ಕೆಳಗೆ ನಿಂತು ಏಣಿ ಹಿಡಿಯಬಲ್ಲೆ.

ನಮ್ಮ ಕಟ್ಟಡದ ಗಚ್ಚಿಯ ಕೀಲಿಗೆ ಈಗ ಎರಡನೇ ನಕಲು ಮಾಡಿಸಿದ್ದೇವೆ. ವಾಚ್‌ಮನ್ ಕೋಣೆಯ ಮೊಳೆಗೆ ಕೆಂಪು ದಾರ ಕಟ್ಟಿ ನೇತುಹಾಕಿದೆ. ಹೊಸ ಮುಚ್ಚಳಕ್ಕೆ ಮೊದಲ ಮಹಡಿಯ ಹುಡುಗನ ಅಪ್ಪನೇ ದುಡ್ಡು ಕೊಟ್ಟರು. ಹೋದ ವಾರ ಆ ಇಬ್ಬರು ಮತ್ತೆ ಬಂದಿದ್ದರು. ನಾನು ಚಹಾ ಮಾಡಿಕೊಟ್ಟೆ. ಸೌಟಿನಲ್ಲಿ ಬರೀ ನೀರಿತ್ತು.

ನಿಮ್ಮ ಅಕ್ಕ,
ನಿವೃತ್ತ ಲ್ಯಾಬ್ ಟೆಕ್ನಿಷಿಯನ್,
ಮುಲುಂಡ್, ಮುಂಬಯಿ